ಬೆಂಕಿಪೊಟ್ಟಣದಷ್ಟು ಸಗಣಿ

ಶಿವರಾತ್ರಿ ಹತ್ತಿರವಾದಂತೆ ಕ್ಯಾತ್ಸಂದ್ರದ ದಾರಿಗಳಲ್ಲಿ ತಟ್ಟೆ ಇಡ್ಲಿಯ ಹಬೆಯ ಜೊತೆ ಒಣಹುಲ್ಲಿನ ಧೂಳೂ ಬೆರೆಯುತ್ತದೆ. ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಕಟ್ಟುವ ಹೊತ್ತು ಅದು. ಕೊಂಬಿಗೆ ಎಣ್ಣೆ ಸವರಿಸಿಕೊಂಡ ಹಳ್ಳಿಕಾರ್ ಜೋಡಿಗಳು ಚಪ್ಪರದ ನೆರಳಲ್ಲಿ ನಿಂತಿರುತ್ತವೆ. ಕೊಳ್ಳಲು ಬಂದ ರೈತನ ಕಣ್ಣು ಬಲು ಸೂಕ್ಷ್ಮ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದೆಯೋ ನೋಡುತ್ತಾನೆ. ಸುಳಿ ಎಲ್ಲಿದೆ ಎಂದು ಬೆನ್ನು, ಹಣೆ ತಡವುತ್ತಾನೆ. ನಾಲ್ಕು ಹೆಜ್ಜೆ ನಡೆಸುತ್ತಾನೆ, ಗೊರಸು ಒತ್ತುತ್ತಾನೆ. ಆಮೇಲೆ ಟವೆಲ್ಲಿನಡಿ ಕೈ ಇಟ್ಟು ಬೆರಳು ಹಿಡಿದು ದರ ಮಾತಾಡುತ್ತಾನೆ. ಇಷ್ಟೆಲ್ಲ ನೋಡುವವರು ನೋಡದೆ ಬಿಡುವುದು ಎರಡನ್ನು. ಒಂದು, ಕಣ್ಣಿನ ಕೆಳರೆಪ್ಪೆಯ ಒಳಗಿನ ಬಣ್ಣ. ಇನ್ನೊಂದು, ಕಾಲಡಿ ಬಿದ್ದಿರುವ ಸಗಣಿ.

ಈ ಎರಡರ ಬೆಲೆ ನನಗೆ ತಿಳಿದದ್ದು ನಮ್ಮ ಮನೆಯ ಹಸು ಗೌರಿ ಹೋದ ಮೇಲೆ. ಎಚ್‌ಎಫ್ ಮಿಶ್ರತಳಿಯ ಹಸು, ಕರು ಹಾಕಿ ಒಂದೂವರೆ ತಿಂಗಳು. ಒಂದು ದಿನ ಮೇವು ಬಿಟ್ಟಿತು. ‘ಹೊಟ್ಟೇಲಿ ಹುಳ ಆಗೈತೆ ಕಣಣ್ಣ, ಒಂದು ಗುಳಿಗೆ ಹಾಕು’ ಎಂದರು ಪಕ್ಕದವರು. ಅಂಗಡಿಗೆ ಹೋಗಿ ಜಂತುಹುಳುವಿನ ಗುಳಿಗೆ ತಂದೆವು, ಬೆಲ್ಲದಲ್ಲಿಟ್ಟು ನುಂಗಿಸಿದೆವು. ಮಾರನೆಯ ದಿನ ಮೈ ಕೆಂಡವಾಯಿತು. ಬಂದವರೊಬ್ಬರು ಮೂರು ದಿನ ಆಂಟಿಬಯೋಟಿಕ್ ಚುಚ್ಚಿದರು. ಜ್ವರ ಇಳಿಯಲಿಲ್ಲ. ಐದನೆಯ ದಿನ ಪಶುವೈದ್ಯರು ಬಂದು ಭುಜದ ಮುಂದೆ ಕೈಯಾಡಿಸಿದರು. ಅಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಂಟು ಊದಿಕೊಂಡಿತ್ತು. ಕಿವಿಯ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಎಳೆದುಕೊಂಡು ಹೋದರು. ಸಂಜೆ ಹೊತ್ತಿಗೆ ಉತ್ತರ ಬಂತು: ಥೈಲೇರಿಯಾ. ಸರಿಯಾದ ಇಂಜೆಕ್ಷನ್ ಆಗಲೇ ಬಿತ್ತು, ಆದರೆ ಐದು ದಿನ ಕಳೆದುಹೋಗಿತ್ತು. ಮರುದಿನ ಗೌರಿ ಏಳಲಿಲ್ಲ.

ಆ ಹನಿ ರಕ್ತವನ್ನು ಮೊದಲ ದಿನವೇ ತೆಗೆಸಬಹುದಿತ್ತು. ಅದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಸೂಜಿ, ಒಂದು ಗಾಜಿನ ಪಟ್ಟಿ, ಬಣ್ಣ ಕಟ್ಟುವ ದ್ರಾವಣ, ಒಂದು ಸೂಕ್ಷ್ಮದರ್ಶಕ ಸಾಕು. ಅಂದಿನಿಂದ ನನ್ನದು ಒಂದೇ ಮಾತು: ನೋಡಿಸದೆ ಔಷಧಿ ಹಾಕಬೇಡಿ.

ಒಂದು ಹೋಲಿಕೆ ನನ್ನನ್ನು ಬಹಳ ಕಾಡುತ್ತದೆ. ನಮ್ಮ ಊರುಗಳಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಡೇರಿಯಲ್ಲಿ ಹಾಲಿನ ಪರೀಕ್ಷೆ ನಡೆಯುತ್ತದೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಓದು ಬಾರದ ಅಜ್ಜಿಯೂ ಹೇಳಬಲ್ಲಳು. ಮಲ್ಲಸಂದ್ರದ ಹಾಲು ಒಕ್ಕೂಟಕ್ಕೆ ಹೋಗುವ ಹಾಲಿನ ಪ್ರತಿ ಕ್ಯಾನಿಗೂ ಲೆಕ್ಕವಿದೆ. ಆ ಹಾಲು ಕೊಡುವ ಹಸುವಿನ ಸಗಣಿಯನ್ನು ಮಾತ್ರ ವರ್ಷಕ್ಕೊಮ್ಮೆಯೂ ನಾವು ಪರೀಕ್ಷೆಗೆ ಕೊಡುವುದಿಲ್ಲ. ಫ್ಯಾಟ್ ಇಳಿದರೆ ಹಿಂಡಿ ಬದಲಿಸುತ್ತೇವೆ. ತಿಂದ ಹಿಂಡಿಯಲ್ಲಿ ಪಾಲು ತೆಗೆದುಕೊಳ್ಳುವವರು ಹೊಟ್ಟೆಯೊಳಗೆ ಕೂತಿದ್ದಾರೆಯೇ ಎಂದು ಕೇಳುವುದಿಲ್ಲ.

‘ಹುಳ’ ಎಂಬ ಒಂದು ಮಾತಿನಲ್ಲಿ ನಾವು ಎಷ್ಟೊಂದು ಜೀವಿಗಳನ್ನು ಮುಚ್ಚಿಬಿಡುತ್ತೇವೆ! ದಾರದಂಥ ದುಂಡುಹುಳು, ಲಾಡಿಯಂಥ ಪಟ್ಟಿಹುಳು, ಎಲೆಯಂತೆ ಚಪ್ಪಟೆಯಾದ ಯಕೃತ್ತಿನ ಹುಳು, ರಕ್ತನಾಳದೊಳಗಿನ ಹುಳು, ಕೆಂಪುರಕ್ತಕಣದ ಒಳಗೇ ಮನೆ ಮಾಡುವ ಏಕಕೋಶ ಜೀವಿ, ಹೊರಗೆ ಚರ್ಮ ಹಿಡಿದ ಉಣ್ಣೆ, ಹೇನು, ಕಜ್ಜಿಯ ನುಸಿ. ಒಂದಕ್ಕೆ ಬಡಿಯುವ ಔಷಧಿ ಇನ್ನೊಂದನ್ನು ಮುಟ್ಟುವುದಿಲ್ಲ. ದುಂಡುಹುಳುವಿಗೆ ಹೆಸರಾದ ಐವರ್‌ಮೆಕ್ಟಿನ್ ಎಲೆಹುಳುವಿಗೂ ಲಾಡಿಹುಳುವಿಗೂ ಏನೂ ಮಾಡದು. ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ ಆ ಔಷಧಿಯ ಮೂಲವನ್ನು ತೆಗೆದ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಅಷ್ಟು ದೊಡ್ಡ ಔಷಧಿಯೂ ತಪ್ಪು ರೋಗಕ್ಕೆ ಹಾಕಿದರೆ ನೀರಿಗೆ ಸಮ.

ನಮ್ಮ ತಾಲ್ಲೂಕುಗಳಲ್ಲಿ ಈ ಎಲೆಹುಳುವಿನ ಕಥೆಯನ್ನು ಕೆರೆಯಿಂದಲೇ ಶುರುಮಾಡಬೇಕು. ಕುಣಿಗಲ್ ದೊಡ್ಡಕೆರೆ, ಗುಬ್ಬಿಯ ಕೆರೆ, ತುಮಕೂರಿಗೆ ಕುಡಿಯುವ ನೀರು ಕೊಡುವ ಬುಗುಡನಹಳ್ಳಿ, ಇವಕ್ಕೆಲ್ಲ ಗೊರೂರಿನಿಂದ ಹೇಮಾವತಿ ನಾಲೆಯ ನೀರು ಬರುತ್ತದೆ. ನೀರು ಬಂದದ್ದು ನಮ್ಮ ಪುಣ್ಯ. ತೋಟ ಉಳಿಯಿತು, ಕೆರೆಯಂಗಳದಲ್ಲಿ ಹಸಿರು ನಿಂತಿತು. ಆದರೆ ನೀರು ನಿಂತಷ್ಟು ದಿನ ಅಂಚಿನ ಜೊಂಡಿನಲ್ಲಿ ನೀರಿನ ಬಸವನಹುಳುವಿಗೂ ಬದುಕು. ಎಲೆಹುಳು ಆ ಬಸವನಹುಳುವನ್ನೇ ತೊಟ್ಟಿಲು ಮಾಡಿಕೊಂಡಿದೆ. ದನದ ಸಗಣಿಯಲ್ಲಿ ಬಿದ್ದ ಮೊಟ್ಟೆ ನೀರಿನಲ್ಲಿ ಒಡೆದು ಮರಿ ಹೊರಡುತ್ತದೆ, ಬಸವನಹುಳುವಿನ ಮೈ ಹೊಕ್ಕು ಒಂದಕ್ಕೆ ನೂರಾಗಿ ಹೊರಬರುತ್ತದೆ, ನೀರಂಚಿನ ಹುಲ್ಲಿಗೆ, ಭತ್ತದ ಗರಿಗೆ ಅಂಟಿ ಕೋಶ ಕಟ್ಟಿಕೊಂಡು ಕಾಯುತ್ತದೆ. ಹಸು ಬಂದು ಆ ಎಸಳನ್ನು ಕಚ್ಚುವವರೆಗೆ.

ಒಳಗೆ ಹೋದ ಮರಿಹುಳು ಕರುಳನ್ನು ತೂರಿ ಯಕೃತ್ತಿಗೆ ಸೇರಿ, ಅದನ್ನು ಕೊರೆದುಕೊಂಡು ವಾರಗಟ್ಟಲೆ ಅಲೆಯುತ್ತದೆ. ಕೊನೆಗೆ ಪಿತ್ತನಾಳದಲ್ಲಿ ನೆಲೆಸಿ ಮೊಟ್ಟೆ ಇಡಲು ಶುರುಮಾಡುವ ಹೊತ್ತಿಗೆ ಮೂರು ತಿಂಗಳ ಮೇಲಾಗಿರುತ್ತದೆ. ಹಸು ಇದ್ದಕ್ಕಿದ್ದಂತೆ ಬೀಳುವುದಿಲ್ಲ. ಹಾಲು ಒಂದು ಲೀಟರ್ ಇಳಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ, ಕೂದಲು ಒರಟಾಗುತ್ತದೆ. ತುಂಬ ಮುಂದುವರಿದರೆ ಗದ್ದದಡಿ ನೀರು ತುಂಬಿ ಚೀಲದ ಹಾಗೆ ಜೋತುಬೀಳುತ್ತದೆ. ‘ಗದ್ದಕ್ಕೆ ನೀರು ಇಳಿದೈತೆ’ ಎಂದು ನಮ್ಮವರು ಹೇಳುವ ಹೊತ್ತಿಗೆ ಯಕೃತ್ತಿನ ದೊಡ್ಡ ಪಾಲು ಕೆಟ್ಟಿರುತ್ತದೆ.

ಇಲ್ಲಿಯೇ ಸಗಣಿಯ ಪರೀಕ್ಷೆ ಕೆಲಸಕ್ಕೆ ಬರುವುದು. ಪ್ರಯೋಗಾಲಯದಲ್ಲಿ ಮಾಡುವುದನ್ನು ನೋಡಿದರೆ ಅಡುಗೆಮನೆಯ ಕೆಲಸದಂತೆಯೇ ಕಾಣುತ್ತದೆ. ಸ್ವಲ್ಪ ಸಗಣಿಯನ್ನು ನೀರಿನಲ್ಲಿ ಕದಡಿ, ಜರಡಿ ಹಿಡಿದು, ಲೋಟದಲ್ಲಿ ತಿಳಿಯಾಗಲು ಬಿಡುತ್ತಾರೆ. ಎಲೆಹುಳುವಿನ ಮೊಟ್ಟೆ ಭಾರ, ತಳಕ್ಕೆ ಇಳಿಯುತ್ತದೆ. ಮೇಲಿನ ನೀರು ಚೆಲ್ಲಿ ತಳದ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಹೊಂಬಣ್ಣದ ಮೊಟ್ಟೆ ಕಾಣುತ್ತದೆ. ದುಂಡುಹುಳುವಿನ ಮೊಟ್ಟೆ ಹಗುರ. ಅದಕ್ಕೆ ಉಪ್ಪು ಕರಗುವಷ್ಟೂ ಕರಗಿಸಿದ ನೀರು ಬಳಸುತ್ತಾರೆ, ಮೊಟ್ಟೆ ತೇಲಿ ಮೇಲೆ ಬರುತ್ತದೆ. ಮುಳುಗುವುದು ಯಾವುದು, ತೇಲುವುದು ಯಾವುದು ಎಂಬುದರಲ್ಲೇ ಯಾವ ಔಷಧಿ ಬೇಕೆಂಬ ಉತ್ತರದ ಅರ್ಧ ಸಿಕ್ಕಿಬಿಡುತ್ತದೆ. ಗ್ರಾಂ ಸಗಣಿಯಲ್ಲಿ ಎಷ್ಟು ಮೊಟ್ಟೆ ಎಂದು ಗೆರೆ ಹಾಕಿದ ಗಾಜಿನಲ್ಲಿ ಎಣಿಸುವುದೂ ಉಂಟು.

ಪರೀಕ್ಷೆಗೂ ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಎಲೆಹುಳು ಇನ್ನೂ ಎಳೆಯದಾಗಿ ಯಕೃತ್ತಿನಲ್ಲಿ ಅಲೆಯುತ್ತಿರುವಾಗ ಸಗಣಿಯಲ್ಲಿ ಮೊಟ್ಟೆ ಸಿಗುವುದಿಲ್ಲ. ಆಗ ವೈದ್ಯರು ಕೆರೆಯಂಗಳದಲ್ಲಿ ಮೇಯಿಸಿದ್ದೀರಾ, ಯಾವ ತಿಂಗಳು, ಜೊತೆಯ ದನಗಳು ಹೇಗಿವೆ ಎಂದು ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರ ಕೊಡಿ. ಅದೂ ಪರೀಕ್ಷೆಯ ಭಾಗವೇ. ಟ್ರೈಕ್ಲಾಬೆಂಡಜೋಲ್ ಎಳೆಯ ಹುಳುವನ್ನೂ ಕೊಲ್ಲುತ್ತದೆ, ಆಕ್ಸಿಕ್ಲೋಜನೈಡ್ ಬಲಿತ ಹುಳುವಿಗೆ ಮಾತ್ರ. ಹಿಂಡುವ ಹಸುವೋ ಗಬ್ಬದ ಹಸುವೋ ಎಂಬುದರ ಮೇಲೂ ಆಯ್ಕೆ ಬದಲಾಗುತ್ತದೆ. ಅಂಗಡಿಯ ಗಲ್ಲಾದ ಮುಂದೆ ನಿಂತು ‘ಹುಳದ ಔಷಧಿ ಕೊಡಿ’ ಎಂದರೆ ಈ ಯಾವ ಪ್ರಶ್ನೆಯೂ ಏಳುವುದಿಲ್ಲ.

ಅದೇ ಕೆರೆಯಲ್ಲಿ ಇನ್ನೊಂದು ಬಸವನಹುಳುವಿನಿಂದ ಬರುವುದು ಗೊರಕೆ ರೋಗ. ರಾತ್ರಿ ಕೊಟ್ಟಿಗೆಯಲ್ಲಿ ಎತ್ತು ಮನುಷ್ಯರ ಹಾಗೆ ಗೊರಕೆ ಹೊಡೆಯುವುದನ್ನು ಕೆರೆ ಕೆಳಗಿನ ಊರಿನವರೆಲ್ಲ ಕೇಳಿರುತ್ತಾರೆ. ದನ ನೀರಲ್ಲಿ ನಿಂತಾಗ ಮರಿಹುಳು ಚರ್ಮವನ್ನೇ ಕೊರೆದು ಒಳಹೋಗುತ್ತದೆ. ಬಾಯಿಂದ ಅಲ್ಲ. ಹೋಗಿ ಮೂಗಿನ ರಕ್ತನಾಳದಲ್ಲಿ ಗಂಡು ಹೆಣ್ಣು ಜೋಡಿಯಾಗಿ ನೆಲೆಸುತ್ತವೆ. ಅವುಗಳ ಮೊಟ್ಟೆಯ ಕಿರುಕುಳಕ್ಕೆ ಮೂಗಿನೊಳಗೆ ಹೂಕೋಸಿನಂಥ ದುರ್ಮಾಂಸ ಬೆಳೆದು ಉಸಿರು ಕಟ್ಟುತ್ತದೆ. ಈ ಹುಳುವನ್ನು 1933ರಲ್ಲಿ ಲೋಕಕ್ಕೆ ಪರಿಚಯಿಸಿದವರು ಮದರಾಸು ಪ್ರಾಂತ್ಯದ ವಿಜ್ಞಾನಿ ಎಂ. ಅನಂತನಾರಾಯಣ ರಾವ್. ಎಮ್ಮೆಗಳು ಈ ಹುಳುವನ್ನು ಹೊತ್ತಿದ್ದರೂ ಬಹುಪಾಲು ಗೊರಕೆ ಹೊಡೆಯುವುದಿಲ್ಲ. ಸದ್ದಿಲ್ಲದೆ ಕೆರೆಗೆ ಮೊಟ್ಟೆ ಸೇರಿಸುತ್ತಿರುತ್ತವೆ. ಮೂಗಿನ ಸಿಂಬಳವನ್ನು ಪರೀಕ್ಷಿಸಿದರೆ ಎರಡು ತುದಿ ಬಾಗಿದ, ನಡುವೆ ಉಬ್ಬಿದ ಮೊಟ್ಟೆ ಸಿಗುತ್ತದೆ. ಒಮ್ಮೆ ಕಂಡರೆ ಮರೆಯಲಾಗದ ಆಕಾರ. ‘ವಯಸ್ಸಾಯ್ತು, ಗೊರಕೆ ಹೊಡೀತೈತೆ’ ಎಂದು ಎತ್ತನ್ನು ಮಾರಿಬಿಡುವ ಮುಂಚೆ ಆ ಒಂದು ಪರೀಕ್ಷೆ ಮಾಡಿಸುವುದು ಅದರ ದುಡಿಮೆಗೆ ನಾವು ಕೊಡಬೇಕಾದ ಮರ್ಯಾದೆ.

ಕೆರೆಯ ವಿಷಯದಲ್ಲಿ ಮಾಡಬಹುದಾದದ್ದು ಸರಳ. ದನವನ್ನು ಕೆರೆಗೆ ಇಳಿಸದೆ ತೊಟ್ಟಿಯಲ್ಲಿ ನೀರು ಕುಡಿಸುವುದು, ನೀರಂಚಿನ ಹುಲ್ಲನ್ನು ಹಸಿಯಾಗಿ ಕೊಯ್ದು ಹಾಕದಿರುವುದು, ಭತ್ತದ ಹುಲ್ಲನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಬಣವೆ ಹಾಕುವುದು. ಬಾತುಕೋಳಿ ಸಾಕಿದವರಿಗೆ ಇನ್ನೊಂದು ಲಾಭ, ಅವು ಬಸವನಹುಳುವನ್ನು ಹುಡುಕಿ ತಿನ್ನುತ್ತವೆ.

ಇನ್ನು ಉಣ್ಣೆ. ಕೆಲವು ಕಡೆ ಉಣುಗು ಎನ್ನುತ್ತಾರೆ. ಗೌರಿಯನ್ನು ಕೊಂದದ್ದು ಇದೇ. ಥೈಲೇರಿಯಾ ಎಂಬ ಏಕಕೋಶ ಜೀವಿಯನ್ನು ಹೊತ್ತ ಉಣ್ಣೆ ಕಚ್ಚಿದಾಗ ಆ ಜೀವಿ ಮೊದಲು ಬಿಳಿರಕ್ತಕಣಕ್ಕೆ, ಆಮೇಲೆ ಕೆಂಪುರಕ್ತಕಣಕ್ಕೆ ನುಗ್ಗುತ್ತದೆ. ಜ್ವರ 104ರಿಂದ 107 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಏರುತ್ತದೆ, ಗಂಟು ಊದುತ್ತದೆ, ಕಣ್ಣಿನ ರೆಪ್ಪೆ ಬಿಳಿಚಿಕೊಳ್ಳುತ್ತದೆ, ಉಸಿರು ಮೇಲಾಗುತ್ತದೆ. ಬುಪಾರ್ವಕ್ವೋನ್ ಇಂಜೆಕ್ಷನ್ ಮೊದಲ ದಿನಗಳಲ್ಲಿ ಬಿದ್ದರೆ ಹಸು ಉಳಿಯುತ್ತದೆ. ತಡವಾದರೆ ಔಷಧಿ ಜೀವಿಯನ್ನು ಕೊಂದರೂ ಕಳೆದುಹೋದ ರಕ್ತವನ್ನು ತರಲಾರದು.

ಉಣ್ಣೆಯೇ ತರುವ ಇನ್ನೊಂದು ರೋಗ ಬಬೇಸಿಯಾ. ಗಂಜಲ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಬೇರೆಯೇ ಔಷಧಿ, ಡೈಮಿನಜೀನ್. ಕೆಂಪು ಗಂಜಲ ಕಂಡ ಕೂಡಲೇ ಅದನ್ನು ಚುಚ್ಚಿಸುವವರಿದ್ದಾರೆ. ಆದರೆ ಕರು ಹಾಕಿದ ಹೊಸತರಲ್ಲಿ ಹೆಚ್ಚು ಹಾಲು ಕೊಡುವ ಹಸುವಿಗೆ ರಂಜಕದ ಕೊರತೆಯಾದರೂ ಗಂಜಲ ಹೀಗೇ ಕೆಂಪಾಗುತ್ತದೆ. ಅಲ್ಲಿ ಉಣ್ಣೆಯೂ ಇಲ್ಲ, ಬಬೇಸಿಯಾವೂ ಇಲ್ಲ. ಬೇಕಾದದ್ದು ರಂಜಕ. ಹೊರಗೆ ಕಾಣುವ ಬಣ್ಣ ಒಂದೇ, ಒಳಗಿನ ಕಾರಣ ಎರಡು. ಇವನ್ನು ಬೇರೆ ಮಾಡಿ ತೋರಿಸುವುದು ಒಂದು ಹನಿ ರಕ್ತ.

ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕೀಟದಂಥ ಜೀವಿಯೊಂದು ಕಚ್ಚಿ ಸೂಕ್ಷ್ಮಜೀವಿಯ ರೋಗವನ್ನು ಹರಡುತ್ತದೆ ಎಂಬ ಮಹತ್ವದ ಪುರಾವೆ ಸಿಕ್ಕಿದ್ದು ದನದ ಉಣ್ಣೆಯಲ್ಲಿ. ಅಮೆರಿಕದಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಫ್ರೆಡ್ ಕಿಲ್ಬೋರ್ನ್ ಇದೇ ಬಬೇಸಿಯಾ ಜ್ವರದ ಮೇಲೆ ಕೆಲಸ ಮಾಡಿ 1893ರಲ್ಲಿ ಅದನ್ನು ಪ್ರಕಟಿಸಿದರು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡದ್ದು ಅದಾದ ನಾಲ್ಕು ವರ್ಷಕ್ಕೆ, 1897ರಲ್ಲಿ. ಮನುಷ್ಯರ ವೈದ್ಯಕ್ಕೆ ದನದ ಕೊಟ್ಟಿಗೆ ಮೊದಲೇ ದಾರಿ ತೋರಿಸಿತ್ತು.

ಹಳ್ಳಿಕಾರ್, ಅಮೃತಮಹಲ್ ದನಗಳ ಮೈಮೇಲೆ ಉಣ್ಣೆ ಕಡಿಮೆ ನಿಲ್ಲುತ್ತದೆ, ಕಚ್ಚಿದರೂ ರೋಗ ಅಷ್ಟು ಜೋರಾಗಿ ಏಳುವುದಿಲ್ಲ. ತಲೆತಲಾಂತರದಿಂದ ಈ ಉಣ್ಣೆಗಳ ಜೊತೆಯೇ ಬದುಕಿ ಬಂದ ಮೈ ಅದು. ತಂಪುದೇಶದಿಂದ ಬಂದ ಎಚ್‌ಎಫ್ ರಕ್ತಕ್ಕೆ ಆ ಪರಿಚಯವಿಲ್ಲ. ಹೆಚ್ಚು ಹಾಲಿಗಾಗಿ ಮಿಶ್ರತಳಿ ಕಟ್ಟಿದವರು ಅದರ ಜೊತೆಗೆ ಉಣ್ಣೆಯ ಕಾವಲನ್ನೂ ಹೊರಲೇಬೇಕು. ಥೈಲೇರಿಯಾಕ್ಕೆ ನಮ್ಮ ದೇಶದಲ್ಲೇ ತಯಾರಾಗುವ ಲಸಿಕೆಯಿದೆ. ಮಿಶ್ರತಳಿಯ ಕರು ಇರುವವರು ಅದರ ಬಗ್ಗೆ ಪಶು ಆಸ್ಪತ್ರೆಯಲ್ಲಿ ಕೇಳಬೇಕು.

ಉಣ್ಣೆಗೆ ನಾವು ಮಾಡುವ ಯುದ್ಧ ಹಸುವಿನ ಮೈಮೇಲೆ ಮಾತ್ರ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಉದುರಿ ಗೋಡೆಯ ಬಿರುಕು, ಗೋದಲಿಯ ಸಂದು, ಚಪ್ಪಡಿಯ ಅಡಿ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮೈಗೆ ಔಷಧಿ ಹೊಡೆದ ಮೂರನೆಯ ವಾರಕ್ಕೆ ಮತ್ತೆ ಉಣ್ಣೆ ಕಂಡರೆ ‘ಔಷಧಿ ನಕಲಿ’ ಎನ್ನುತ್ತೇವೆ. ಬಂದದ್ದು ಗೋಡೆಯಿಂದ. ಬಿರುಕು ಮೆತ್ತಬೇಕು, ಸುಣ್ಣ ಬಳಿಯಬೇಕು, ಕೊಟ್ಟಿಗೆಗೂ ಅಂದೇ ಔಷಧಿ ಹೊಡೆಯಬೇಕು, ಮೊಟ್ಟೆಯೊಡೆದು ಬರುವ ಮರಿಗಳಿಗಾಗಿ ಹದಿನೈದು ಇಪ್ಪತ್ತು ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು. ನಾಟಿಕೋಳಿ ಕೊಟ್ಟಿಗೆಯಲ್ಲಿ ಕೆದಕಿಕೊಂಡಿದ್ದರೆ ಬಿಡಿ, ಅದು ಉಣ್ಣೆ ಆಯ್ದು ತಿನ್ನುತ್ತದೆ. ಮೈಗೆ ಹೊಡೆಯುವ ಮುಂಚೆ ಹಸುವಿಗೆ ಹೊಟ್ಟೆ ತುಂಬ ನೀರು ಕುಡಿಸಿರಿ. ಬಾಯಾರಿದ ಹಸು ಮೈ ನೆಕ್ಕುತ್ತದೆ.

ಬೇಸಿಗೆಯಲ್ಲಿ ಶಿರಾ, ಪಾವಗಡದ ಕಡೆಯಿಂದ ಕುರಿಮಂದೆಗಳು ಇತ್ತ ಇಳಿಯುತ್ತವೆ. ಗೊಬ್ಬರಕ್ಕಾಗಿ ಹೊಲದಲ್ಲಿ, ತೆಂಗಿನ ತೋಟದಲ್ಲಿ ಮಂದೆ ಹಾಕಿಸುತ್ತೇವೆ. ಒಂದು ರಾತ್ರಿ ಅಂಥ ಮಂದೆಯ ಹತ್ತಿರ ಕೂತಿದ್ದೆ. ಕುರಿಗಾಹಿ ಹಿರಿಯರು ಟಾರ್ಚಿನ ಬೆಳಕಲ್ಲಿ ಒಂದೊಂದೇ ಕುರಿಯ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡುತ್ತಿದ್ದರು. ‘ಇದು ಕೆಂಪಗೈತೆ, ಬುಡು. ಇದು ಬೆಳ್ಳಗಾಗೈತೆ ನೋಡು ಸ್ವಾಮಿ, ಇದಕ್ಕೆ ಕುಡಿಸ್ಬೇಕು’ ಎಂದರು. ಅವರಿಗೆ ಗೊತ್ತಿರಲಿಕ್ಕಿಲ್ಲ, ದಕ್ಷಿಣ ಆಫ್ರಿಕಾದ ಪಶುವೈದ್ಯರು ಇದೇ ವಿದ್ಯೆಗೆ ಐದು ಬಣ್ಣದ ಚೀಟಿ ಮಾಡಿ ‘ಫಮಾಚಾ’ ಎಂದು ಹೆಸರಿಟ್ಟಿದ್ದಾರೆ. ಜಗತ್ತಿನ ಹಲವು ದೇಶಗಳಲ್ಲಿ ಕುರಿ ಸಾಕುವವರು ಅದನ್ನು ಬಳಸುತ್ತಾರೆ.

ಆ ರೆಪ್ಪೆಯನ್ನು ಬಿಳಿಚಿಸುವ ಹುಳುವಿನ ಹೆಸರು ಹಿಮಾಂಕಸ್. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ಲೀಟರ್. ಅಷ್ಟೇನಾ ಎನ್ನಿಸಬಹುದು. ಸಾವಿರ ಹುಳುವಿದ್ದರೆ ದಿನಕ್ಕೆ 50 ಮಿಲಿ ಲೀಟರ್ ಆಯಿತು. 25 ಕಿಲೋ ತೂಕದ ಕುರಿಯ ಮೈಯಲ್ಲಿರುವ ರಕ್ತವೇ ಒಂದೂವರೆ ಲೀಟರಿನ ಆಸುಪಾಸು. ಒಂದು ಹೆಣ್ಣುಹುಳು ದಿನಕ್ಕೆ ಐದು ಸಾವಿರಕ್ಕೂ ಮಿಕ್ಕಿ ಮೊಟ್ಟೆ ಇಡಬಲ್ಲದು. ಮಳೆ ಬಿದ್ದು ಹುಲ್ಲು ಚಿಗುರಿದ ಎರಡು ಮೂರು ವಾರಕ್ಕೆ ಮಂದೆಯಲ್ಲಿ ಮರಿಗಳು ಸಾಲಾಗಿ ಬೀಳುವುದರ ಹಿಂದೆ ಹಲವು ಸಲ ಇರುವುದು ಇದೇ ಲೆಕ್ಕ.

ಹಾಗಾದರೆ ಮಂದೆಗೆಲ್ಲ ತಿಂಗಳಿಗೊಮ್ಮೆ ಔಷಧಿ ಕುಡಿಸಿಬಿಟ್ಟರೆ? ದೊಡ್ಡ ಅಪಾಯ ಇರುವುದು ಇಲ್ಲಿಯೇ. ಔಷಧಿಗೆ ಸಾಯದ ಹುಳು ಉಳಿದು, ಅದರ ಸಂತಾನವೇ ಹುಲ್ಲುಗಾವಲನ್ನೆಲ್ಲ ತುಂಬುತ್ತದೆ. ಕೆಲವು ವರ್ಷಕ್ಕೆ ಆ ಔಷಧಿ ಕೆಲಸವನ್ನೇ ಬಿಡುತ್ತದೆ. ಜಗತ್ತಿನಾದ್ಯಂತ ಕುರಿಗಳಲ್ಲಿ ಬೆಂಡಜೋಲ್ ಜಾತಿಯ ಔಷಧಿಗಳಿಗೆ ಹೀಗೆ ಆಗಿದೆ, ನಮ್ಮ ದೇಶವೂ ಅದಕ್ಕೆ ಹೊರತಲ್ಲ. ಹೊಸ ಔಷಧಿ ವರ್ಷಕ್ಕೊಂದು ಹುಟ್ಟುವುದಿಲ್ಲ. ಬಿಳಿಚಿದ ಕುರಿಗೆ ಮಾತ್ರ ಕುಡಿಸಿ ಕೆಂಪಗಿರುವುದನ್ನು ಬಿಟ್ಟರೆ, ಔಷಧಿಗೆ ಬಗ್ಗುವ ಹುಳುಗಳೂ ಹುಲ್ಲಿನಲ್ಲಿ ಉಳಿದಿರುತ್ತವೆ, ಬಗ್ಗದವು ಮೇಲುಗೈ ಪಡೆಯುವುದು ತಡವಾಗುತ್ತದೆ. ಆ ಹಿರಿಯರ ಹೆಬ್ಬೆರಳು ಮಾಡುತ್ತಿದ್ದದ್ದು ಕಾಸು ಉಳಿಸುವ ಕೆಲಸ ಮಾತ್ರವಲ್ಲ, ಔಷಧಿಯ ಆಯಸ್ಸನ್ನೇ ಉಳಿಸುವ ಕೆಲಸ.

ಔಷಧಿ ಸೋಲಲು ಇನ್ನೊಂದು ಕಾರಣ ಕಣ್ಣಳತೆ. 370 ಕಿಲೋ ಹಸುವನ್ನು 250 ಎಂದು ಅಂದಾಜು ಮಾಡಿ ಗೊಟ್ಟದಲ್ಲಿ ಕುಡಿಸಿದರೆ ಹುಳು ಸಾಯುವುದಿಲ್ಲ, ಪಾಠ ಕಲಿಯುತ್ತದೆ. ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ, ಭುಜದ ತುದಿಯಿಂದ ಪಿರ್ರೆಯ ಮೂಳೆಯವರೆಗಿನ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ತೂಕ ಬರುತ್ತದೆ. 66 ಇಂಚು ಸುತ್ತಳತೆ, 56 ಇಂಚು ಉದ್ದದ ಹಸು ಸುಮಾರು 370 ಕಿಲೋ. ಶಾಲೆಗೆ ಹೋಗುವ ಮಕ್ಕಳ ಕೈಲಿ ಮಾಡಿಸಬಹುದಾದ ಲೆಕ್ಕ. ಹೆಚ್ಚಾದರೂ ಕೇಡೇ. ಕ್ಲೋಸಾಂಟೆಲ್ ಎಂಬ ಔಷಧಿ ಅಳತೆ ಮೀರಿದರೆ ಕುರಿ ಮೇಕೆಗಳ ಕಣ್ಣು ಹೋಗುತ್ತದೆ. ಗಬ್ಬದ ಮೊದಲ ದಿನಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು, ಹೊಟ್ಟೆಯ ಕರುವಿಗೆ ತೊಂದರೆ. ಔಷಧಿ ಹಾಕಿದ ಮೇಲೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಎಂಬುದನ್ನು ಕೇಳಿ ತಿಳಿದು, ಅಷ್ಟು ದಿನ ಹಾಕದಿರುವುದು ಆ ಹಾಲು ಕುಡಿಯುವ ಮಕ್ಕಳ ಋಣ.

ಮಂದೆಯ ಬಳಿ ಕೂತ ಆ ರಾತ್ರಿ ಕಂಡ ಇನ್ನೊಂದು ದೃಶ್ಯ ಹೇಳಬೇಕು. ಒಂದು ಕುರಿ ತಲೆ ವಾಲಿಸಿಕೊಂಡು ಇದ್ದಲ್ಲೇ ಸುತ್ತುತ್ತಿತ್ತು. ಮಿದುಳಿನಲ್ಲಿ ನೀರುಗುಳ್ಳೆ. ಅದು ನಾಯಿಯ ಕರುಳಿನ ಲಾಡಿಹುಳುವಿನ ಮರಿ. ಕುರಿ ಸತ್ತರೆ ತಲೆಯನ್ನು ನಾಯಿಗೆ ಎಸೆಯುತ್ತೇವೆ. ನಾಯಿ ಗುಳ್ಳೆ ತಿನ್ನುತ್ತದೆ, ಅದರ ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ, ಅದರ ಹೇಲಿನ ಮೊಟ್ಟೆ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ಕುರಿಗೆ. ಇಲ್ಲಿ ಔಷಧಿ ಬೇಕಾದದ್ದು ಮಂದೆ ಕಾಯುವ ನಾಯಿಗೆ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಗುಳಿಗೆ ಕೊಡಿಸಿ, ಸತ್ತ ಕುರಿಯ ತಲೆಯನ್ನು ಆಳವಾಗಿ ಹೂತರೆ ಈ ಸುತ್ತು ಅಲ್ಲಿಗೇ ಕಡಿಯುತ್ತದೆ. ಆ ಗುಳಿಗೆ ಬರುವ ಮುಂಚೆ ನಾಯಿಯ ಲಾಡಿಹುಳುವಿಗೆ ಬಳಸುತ್ತಿದ್ದ ಔಷಧಿಗಳಲ್ಲಿ ಒಂದು ಅರೆಕೊಲಿನ್. ಅದು ಸಿಗುವುದು ಗುಬ್ಬಿಯ ತೋಟಗಳಲ್ಲಿ ಬೆಳೆಯುವ ಇದೇ ಅಡಿಕೆಯಲ್ಲಿ. ಹಾಗೆಂದು ಅಡಿಕೆ ಅರೆದು ನಾಯಿಗೆ ಕುಡಿಸಬೇಡಿ. ಹುಳುವಿಗೆ ಬೇಕಾದ ಅಳತೆಗೂ ನಾಯಿಗೆ ವಿಷವಾಗುವ ಅಳತೆಗೂ ಅಂತರ ಬಹಳ ಕಡಿಮೆ.

ಕುಣಿಗಲ್ಲಿನವರಿಗೆ ಕುದುರೆಯ ಮಾತು ಹೇಳದಿದ್ದರೆ ತಪ್ಪಾದೀತು. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ಅದು. ಕುದುರೆಗೆ ಹೆದರಿಕೆಯ ರೋಗ ಸುರ್ರಾ. ಕಚ್ಚುವ ದೊಡ್ಡ ನೊಣಗಳು ರಕ್ತದಿಂದ ರಕ್ತಕ್ಕೆ ದಾಟಿಸುವ ಟ್ರಿಪನೊಸೋಮ ಇದಕ್ಕೆ ಕಾರಣ. 1880ರಲ್ಲಿ ಆಗಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನಿನಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಸುರ್ರಾ ಬಂದ ಕುದುರೆ, ಒಂಟೆಗಳ ರಕ್ತದಲ್ಲಿ ಅದನ್ನು ಕಂಡ. ಮಳೆಗಾಲದ ನಂತರ ದನಗಳಿಗೂ ಬರುತ್ತದೆ. ಇನ್ನೊಂದು ಎಚ್ಚರಿಕೆ: ದನದ ಉಣ್ಣೆಗೆ ಹೊಡೆಯುವ ಅಮಿಟ್ರಾಜ್ ಕುದುರೆಗೆ ಆಗದು, ಅದರ ಕರುಳು ಕಟ್ಟಿಹೋಗುತ್ತದೆ.

ತುಮಕೂರಿನ ಬಡಾವಣೆಗಳಲ್ಲಿ ಈಗ ಮನೆಗೊಂದು ನಾಯಿ. ನಾಯಿಮರಿಗೆ ಜಂತುಹುಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ದಾಟಿರುತ್ತದೆ. ಅದಕ್ಕೇ ಎರಡನೆಯ ವಾರದಿಂದಲೇ ಔಷಧಿ ಶುರುಮಾಡಿ, ಮೂರು ತಿಂಗಳಾಗುವವರೆಗೆ ಎರಡು ವಾರಕ್ಕೊಮ್ಮೆ ಕೊಡಿಸುವುದು. ಎಮ್ಮೆ ಕರುವಿಗೂ ಹೀಗೆಯೇ ಒಂದು ದುಂಡುಹುಳು ತಾಯಿಯ ಹಾಲಿನಲ್ಲೇ ಬರುತ್ತದೆ. ಗಿಣ್ಣು ಹಾಲು ನಿಲ್ಲಿಸುವುದು ಅದಕ್ಕೆ ಪರಿಹಾರವಲ್ಲ, ಎರಡನೆಯ ವಾರಕ್ಕೆ ಔಷಧಿ ಕುಡಿಸುವುದು ಪರಿಹಾರ. ನಾಯಿಗೆ ಉಣ್ಣೆಯಿಂದ ಬರುವ ಬಬೇಸಿಯಾ, ಎರ್ಲಿಕಿಯಾ ರೋಗಗಳಲ್ಲಿ ಒಸಡು ಬಿಳಿಚುತ್ತದೆ, ಕೆಲವೊಮ್ಮೆ ಮೂಗಲ್ಲಿ ರಕ್ತ ಸುರಿಯುತ್ತದೆ. ಎರಡಕ್ಕೂ ಔಷಧಿ ಬೇರೆ ಬೇರೆ, ಇಲ್ಲೂ ರಕ್ತ ನೋಡಿಯೇ ತೀರ್ಮಾನ. ದನಕ್ಕೆ ತಂದ ಐವರ್‌ಮೆಕ್ಟಿನ್ ಶೀಶೆಯಿಂದ ನಾಯಿಗೂ ಒಂದಿಷ್ಟು ಚುಚ್ಚಿಸುವ ಅಭ್ಯಾಸ ಬಿಡಬೇಕು. ಕಾಲಿಯಂಥ ಕೆಲವು ತಳಿಗಳಿಗೆ ಅದು ಮಿದುಳಿಗೇ ಏರುತ್ತದೆ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಹನಿ ಬೆಕ್ಕಿಗೆ ವಿಷ. ನಾಯಿಯ ಜಂತುಹುಳುವಿನ ಮೊಟ್ಟೆ ಅಂಗಳದ ಮಣ್ಣಿನಿಂದ ಮಕ್ಕಳ ಬೆರಳಿಗೆ, ಬೆರಳಿನಿಂದ ಬಾಯಿಗೆ ಹೋಗಿ ಅವರ ಕಣ್ಣಿಗೂ ತೊಂದರೆ ಮಾಡಬಲ್ಲದು.

ನೋಡಿಸುವುದು ಎಲ್ಲಿ? ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋಗಿ. ಮನೆ ಬಾಗಿಲಿಗೆ ಬರುವ ಪಶು ಆಂಬುಲೆನ್ಸಿಗೆ 1962ಕ್ಕೆ ಫೋನು ಮಾಡಿ. ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ಹೆಬ್ಬಾಳ ನಮ್ಮಿಂದ ಒಂದೂವರೆ ಎರಡು ಗಂಟೆಯ ದಾರಿ. ದನಗಳನ್ನು ಕೊಲ್ಲುತ್ತಿದ್ದ ದೊಡ್ಡರೋಗದ ಕಾಲದಲ್ಲಿ, 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂದು ಶುರುವಾದ ಪಶು ಆರೋಗ್ಯ ಸಂಸ್ಥೆ ಅಲ್ಲಿದೆ, 1958ರಿಂದ ಪಶುವೈದ್ಯಕೀಯ ಕಾಲೇಜೂ ಇದೆ. ಯಲಹಂಕದ ನಿವೇದಿ ಸಂಸ್ಥೆ ಥೈಲೇರಿಯಾ, ಬಬೇಸಿಯಾ, ಎಲೆಹುಳು, ಸುರ್ರಾದಂಥ ರೋಗಗಳು ಮುಂದೆ ಯಾವ ಜಿಲ್ಲೆಯಲ್ಲಿ ಏಳಬಹುದು ಎಂಬ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಆ ಸೂಚನೆ ಡೇರಿಯ ಹಲಗೆಯ ಮೇಲೆ, ಹಾಲಿನ ದರದ ಪಕ್ಕದಲ್ಲೇ ಬರೆದಿರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಸಂಘದ ಕಾರ್ಯದರ್ಶಿಗಳು ಮನಸ್ಸು ಮಾಡಿದರೆ ಐದು ನಿಮಿಷದ ಕೆಲಸ.

ನಿಮ್ಮ ಪಾಲಿನ ಕೆಲಸ ಇನ್ನೂ ಚಿಕ್ಕದು. ನಾಳೆ ಬೆಳಿಗ್ಗೆ ಕೊಟ್ಟಿಗೆ ಬಾಚುವ ಮುಂಚೆ, ಹಸು ಆಗತಾನೆ ಹಾಕಿದ ಸಗಣಿಯಲ್ಲಿ ನೆಲ ಮುಟ್ಟದ ಮೇಲುಭಾಗದಿಂದ ಬೆಂಕಿಪೊಟ್ಟಣದಷ್ಟು ತೆಗೆಯಿರಿ. ಕುರಿಯದಾದರೆ ಒಂದು ಹಿಡಿ ಹಿಕ್ಕೆ. ಚೊಕ್ಕ ಕವರಿಗೆ ಹಾಕಿ ಗಂಟು ಕಟ್ಟಿ, ಯಾವ ಹಸುವಿನದು, ಯಾವ ದಿನದ್ದು ಎಂದು ಚೀಟಿ ಅಂಟಿಸಿ. ಬಿಸಿಲಿಗೆ ಇಡಬೇಡಿ, ಅಂದೇ ಆಸ್ಪತ್ರೆಗೆ ತಲುಪಿಸಿ. ಅದಕ್ಕೂ ಮುಂಚೆ ಯಾವ ಗುಳಿಗೆಯನ್ನೂ ಹಾಕಬೇಡಿ.